ವಿಂಡೋಸ್ 11 ಅಪ್‌ಗ್ರೇಡ್ ಅರ್ಧಕ್ಕೆ ನಿಂತರೆ

ಎಲ್ಲರಿಗೂ ನಮಸ್ಕಾರ. ನಿನ್ನೆ ಗ್ರಾಹಕರೊಬ್ಬರ ಕಂಪ್ಯೂಟರ್‌ನಲ್ಲಿ ವಿಂಡೋಸ್ 11 ಹಾಕುವಾಗ ಶೇ. 71ರವರೆಗೆ ಹೋಗಿ, ರೀಸ್ಟಾರ್ಟ್ ಆಗಿ, ಮತ್ತೆ ವಿಂಡೋಸ್ 10ಕ್ಕೇ ವಾಪಸ್ ಬಂತು. ಮೂರು ಸಲವೂ ಹೀಗೇ. ನಿಮಗೂ ಹೀಗಾದರೆ ಸುಮ್ನೆ ಮತ್ತೆ ಮತ್ತೆ ಓಡಿಸಬೇಡಿ. ಮೊದಲು ಮೈಕ್ರೋಸಾಫ್ಟ್‌ನ ಸೆಟಪ್‌ಡಯಾಗ್ ಅನ್ನೋ ಟೂಲ್ ಓಡಿಸಿ. ಅದು ಲಾಗ್ ಫೈಲ್‌ಗಳನ್ನು ಓದಿ, ಎಲ್ಲಿ ಎಡವಿತು ಅಂತ ತಿಳಿಸುತ್ತದೆ. ನಮಗೆ ಸಿಕ್ಕಿದ್ದು ಹಳೆಯ ಆಂಟಿವೈರಸ್‌ನ ಡ್ರೈವರ್. ಪ್ರೋಗ್ರಾಂ ತೆಗೆದು ತಿಂಗಳುಗಳೇ ಆಗಿತ್ತು, ಡ್ರೈವರ್ ಮಾತ್ರ ಒಳಗೇ ಕೂತಿತ್ತು! ಅದರದ್ದೇ ಕ್ಲೀನಪ್ ಟೂಲ್‌ನಿಂದ ಅದನ್ನು ತೆಗೆದು, ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಕಿತ್ತು ಓಡಿಸಿದಾಗ ಸಲೀಸಾಗಿ ಮುಗಿಯಿತು.

ದಯವಿಟ್ಟು ಬ್ಯಾಕಪ್ ಇಲ್ಲದೆ, ಬಿಟ್‌ಲಾಕರ್‌ನ (ಡಿಸ್ಕ್‌ನ ಡೇಟಾಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) 48 ಅಂಕಿಯ ರಿಕವರಿ ಕೀ ಕೈಯಲ್ಲಿಲ್ಲದೆ ಶುರು ಮಾಡಲೇಬೇಡಿ. ಡೇಟಾ ಗ್ರಾಹಕರದ್ದು ಅಲ್ವಾ? ಅಪ್‌ಗ್ರೇಡ್ ಆದ ಮೇಲೆ ಹಳೆಯ ವಿಂಡೋಸ್‌ಗೆ ಮರಳಲು ಸಾಮಾನ್ಯವಾಗಿ 10 ದಿನ ಮಾತ್ರ ಅವಕಾಶ. ಅದನ್ನೂ ಅವರಿಗೆ ಹೇಳಿಬಿಡಿ.