ತಿದ್ದಿದ ಚಿತ್ರವನ್ನು ಹೊರಗಿಡಬೇಡಿ, ಏನು ತಿದ್ದಿದರೆಂದು ಕೇಳಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಓದುಗರು ಕಳುಹಿಸಿದ ಛಾಯಾಚಿತ್ರಗಳ ಅಂಕಣವನ್ನು ನಾನು ತಪ್ಪದೆ ನೋಡುತ್ತೇನೆ. ಅಂಕಣದ ಕೆಳಗೆ ಪ್ರತಿ ವಾರವೂ ಒಂದು ಸಾಲು ಅಚ್ಚಾಗುತ್ತದೆ: ‘ಕಂಪ್ಯೂಟರ್ ಅಥವಾ ಮೊಬೈಲ್‌ನಲ್ಲಿ ತಿದ್ದಿದ ಚಿತ್ರಗಳನ್ನು ಪರಿಗಣಿಸುವುದಿಲ್ಲ.’ ಆ ಸಾಲನ್ನು ತೆಗೆದು ಬೇರೊಂದು ನಿಯಮ ತನ್ನಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ಫಿಲ್ಮ್ ಕಾಲದಲ್ಲಿ ನಾನು ಸ್ಟುಡಿಯೊವೊಂದರಲ್ಲಿ ನೆಗೆಟಿವ್ ಟಚಿಂಗ್ ಮಾಡುತ್ತಿದ್ದೆ. ಹಾಲುಗಾಜಿನ ಹಿಂದೆ ದೀಪವಿಟ್ಟ ಇಳಿಜಾರು ಮೇಜು, ಚೂಪಾಗಿ ಹೆರೆದ ಪೆನ್ಸಿಲ್, ಒಂದು ಭೂತಗನ್ನಡಿ, ಇಷ್ಟೇ ಸಲಕರಣೆ. ಮುಖದ ಸುಕ್ಕು ನೆಗೆಟಿವ್‌ನಲ್ಲಿ ತೆಳುವಾದ ಗೆರೆಯಾಗಿ ಬೆಳಕು ಬಿಡುತ್ತದೆ. ಆ ಗೆರೆಯನ್ನು ಸೀಸದ ಸಣ್ಣ ಸಣ್ಣ ಚುಕ್ಕೆಗಳಿಂದ ತುಂಬುತ್ತ ಬಂದರೆ ಪ್ರಿಂಟಿನಲ್ಲಿ ಸುಕ್ಕು ಮೆತ್ತಗಾಗುತ್ತದೆ. ಪೂರ್ತಿ ತುಂಬಿಬಿಟ್ಟರೆ ಮುಖದ ವಯಸ್ಸೇ ಹೊರಟುಹೋಗುತ್ತದೆ. ಎಲ್ಲಿ ಕೈ ತಡೆಯಬೇಕು ಎನ್ನುವುದೇ ಆ ಕಸುಬಿನ ಮುಖ್ಯ ಪಾಠವಾಗಿತ್ತು, ಅದನ್ನು ನಾನು ಇಂದಿಗೂ ಗೌರವಿಸುತ್ತೇನೆ. ಈಗ ಮನೆಯ ಕಂಪ್ಯೂಟರಿನಲ್ಲಿ ಗಿಂಪ್ ಎಂಬ ಉಚಿತ ತಂತ್ರಾಂಶದಲ್ಲಿ ಕೆಲಸ ಮಾಡುತ್ತೇನೆ. 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ಆರಂಭಿಸಿದ್ದು ಅದು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು ಎನ್ನುವ ಕಾರಣಕ್ಕೇ ನನಗೆ ಅದರ ಮೇಲೆ ಪ್ರೀತಿ.

ನಿಮ್ಮ ನಿಯಮದ ಮೊದಲ ತೊಂದರೆ, ಅದನ್ನು ಯಾರಿಗೂ ಪಾಲಿಸಲು ಆಗುವುದಿಲ್ಲ ಎನ್ನುವುದು. ಮೊಬೈಲ್ ಆಗಲಿ ಕ್ಯಾಮೆರಾ ಆಗಲಿ, ಸಾಮಾನ್ಯವಾಗಿ ಬೆಳಕನ್ನು ಹಿಡಿಯುವ ಅದರ ಸೆನ್ಸರ್‌ನ ಪ್ರತಿ ಬಿಂದುವಿನ ಮೇಲೂ ಒಂದೇ ಬಣ್ಣದ ಸೋಸುಗಾಜು ಇರುತ್ತದೆ. ಕೊಡ್ಯಾಕ್‌ನ ಬ್ರೈಸ್ ಬೇಯರ್ ಅವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟ್ ಆದ ವಿನ್ಯಾಸ ಇದು. ಅರ್ಧದಷ್ಟು ಬಿಂದುಗಳು ಹಸಿರನ್ನು, ಕಾಲು ಭಾಗ ಕೆಂಪನ್ನು, ಇನ್ನು ಕಾಲು ಭಾಗ ನೀಲಿಯನ್ನು ಮಾತ್ರ ಕಾಣುತ್ತವೆ. ಉಳಿದೆರಡು ಬಣ್ಣಗಳು ಎಷ್ಟಿರಬೇಕೆಂದು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಯಂತ್ರವೇ ಲೆಕ್ಕ ಹಾಕುತ್ತದೆ. ಅಂದರೆ ಚಿತ್ರದ ಬಣ್ಣದ ಅಂಕಿಗಳಲ್ಲಿ ಮೂರರಲ್ಲಿ ಎರಡು ಪಾಲು ಊಹೆಯಿಂದ ಬಂದದ್ದು. ಅದರ ಮೇಲೆ ಈಗಿನ ಮೊಬೈಲ್‌ಗಳು ಒಂದು ಗುಂಡಿ ಒತ್ತಿದರೆ ಹಲವು ಚಿತ್ರ ತೆಗೆದು ಬೆರೆಸುತ್ತವೆ, ಕತ್ತಲನ್ನು ಎತ್ತುತ್ತವೆ, ಕತ್ತಲಿನ ಚಿತ್ರದಲ್ಲಿ ಕಾಣುವ ಕಾಳುಕಾಳನ್ನು ಸವರುತ್ತವೆ, ಕೆಲವಂತೂ ಕೇಳದೆಯೇ ಮುಖ ನುಣುಪು ಮಾಡುತ್ತವೆ. ‘ನಾನು ಏನೂ ತಿದ್ದಿಲ್ಲ’ ಎಂದು ಪ್ರಾಮಾಣಿಕವಾಗಿ ಕಳುಹಿಸುವ ಓದುಗರ ಚಿತ್ರ, ಎಚ್ಚರದಿಂದ ಕೈಯಾರೆ ತಿದ್ದಿದವರ ಚಿತ್ರಕ್ಕಿಂತ ಹೆಚ್ಚು ತಿದ್ದುಪಡಿ ಆಗಿರಬಹುದು. ಯಂತ್ರ ತಿದ್ದಿದರೆ ಸರಿ, ಮನುಷ್ಯ ಯೋಚಿಸಿ ತಿದ್ದಿದರೆ ತಪ್ಪು ಎಂಬ ನಿಯಮವನ್ನು ನಾನು ಒಪ್ಪಲಾರೆ.

ತಿದ್ದುವ ಕೆಲಸ ಕಂಪ್ಯೂಟರ್ ತಂದ ಪಿಡುಗು ಎಂಬ ಭಾವನೆಯೂ ಸರಿಯಲ್ಲ. ಆಸ್ಕರ್ ರೇಲಾಂಡರ್ ಎಂಬ ಛಾಯಾಗ್ರಾಹಕರು 1857ರಲ್ಲಿಯೇ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದರು. ಥಾಮಸ್ ಮತ್ತು ಜಾನ್ ನೋಲ್ ಎಂಬ ಸಹೋದರರು ರೂಪಿಸಿದ ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದರೊಳಗಿನ ಡಾಡ್ಜ್, ಬರ್ನ್ ಎಂಬ ಸಲಕರಣೆಗಳು ನನ್ನಂಥವರು ಕತ್ತಲಕೋಣೆಯಲ್ಲಿ ದಿನವೂ ಮಾಡುತ್ತಿದ್ದ ಕೆಲಸವೇ. ತಂತಿಯ ತುದಿಗೆ ರಟ್ಟಿನ ಬಿಲ್ಲೆ ಅಂಟಿಸಿ ನೆಗೆಟಿವ್ ಅನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್‌ನ ಬೆಳಕಿನಡಿ ಆಡಿಸುತ್ತಿದ್ದರೆ ಅದರ ನೆರಳು ಬಿದ್ದ ಜಾಗ ತಿಳಿಯಾಗುತ್ತದೆ. ಎರಡೂ ಅಂಗೈಗಳ ನಡುವಿನ ಕಿಂಡಿಯಿಂದ ಬೆಳಕು ಬಿಟ್ಟರೆ ಆ ಭಾಗ ಗಾಢವಾಗುತ್ತದೆ. ಚಿತ್ರವನ್ನು ಚುರುಕುಗೊಳಿಸುವ ಅನ್‌ಶಾರ್ಪ್ ಮಾಸ್ಕ್ ಕೂಡ, ಮಸುಕಾದ ಪ್ರತಿಯೊಂದನ್ನು ನೆಗೆಟಿವ್ ಜೊತೆ ಸೇರಿಸಿ ಪ್ರಿಂಟ್ ಹಾಕುತ್ತಿದ್ದ ಹಳೆಯ ಉಪಾಯ.

ತಿದ್ದಿದ ಚಿತ್ರ ಓದುಗರಿಗೆ ಮೋಸ ಮಾಡೀತೆಂಬ ಅಂಜಿಕೆಗೆ ಕಾರಣವಿಲ್ಲವೆಂದು ನಾನು ಹೇಳುತ್ತಿಲ್ಲ. 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಹೊಂದಿಸಲೆಂದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಗೀಜಾದ ಪಿರಮಿಡ್‌ಗಳನ್ನು ಒಂದರ ಪಕ್ಕಕ್ಕೆ ಇನ್ನೊಂದನ್ನು ಸರಿಸಿ ಅಚ್ಚು ಹಾಕಿತು. 2006ರಲ್ಲಿ ಬೈರೂತ್ ಮೇಲಿನ ದಾಳಿಯ ಚಿತ್ರವೊಂದರಲ್ಲಿ ಚಿತ್ರದ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲಿಸುವ ಕ್ಲೋನ್ ಸಲಕರಣೆಯಿಂದ ಹೊಗೆಯನ್ನು ಹೆಚ್ಚಿಸಿದ್ದು ಬಯಲಾದಾಗ ರಾಯಿಟರ್ಸ್ ಸುದ್ದಿ ಸಂಸ್ಥೆ ಆ ಛಾಯಾಗ್ರಾಹಕನ ಚಿತ್ರಗಳನ್ನೆಲ್ಲ ಮಾರಾಟದಿಂದ ಹಿಂತೆಗೆದುಕೊಂಡಿತು. ಆ ಚಿತ್ರವನ್ನು ನಾನೂ ನೋಡಿದ್ದೇನೆ. ಹೊಗೆಯ ಒಂದೇ ಸುರುಳಿ ಮೇಲಿಂದ ಮೇಲೆ ಬಂದಿರುವುದು ಟಚಿಂಗ್ ಮಾಡಿದವರ ಕಣ್ಣಿಗೆ ತಕ್ಷಣ ಬೀಳುತ್ತದೆ. ನಿಜವಾದ ಹೊಗೆ ತನ್ನನ್ನು ತಾನು ನಕಲು ಮಾಡುವುದಿಲ್ಲ. ಸುದ್ದಿ ಪುಟದಲ್ಲಿ ಇಂಥದಕ್ಕೆ ಕಿಂಚಿತ್ತೂ ಅವಕಾಶ ಇರಕೂಡದು. ಅಲ್ಲಿ ನೀವು ಎಷ್ಟು ಬಿಗಿಯಾಗಿದ್ದರೂ ನಾನು ನಿಮ್ಮ ಪರ. ಆದರೆ ಸುದ್ದಿ ಪುಟದ ಕಟ್ಟುನಿಟ್ಟನ್ನು ಭಾನುವಾರದ ಸೃಜನಶೀಲ ಪುಟಕ್ಕೆ ಹಾಗೆಯೇ ತಂದಾಗ ಒಳ್ಳೆಯ ಕೆಲಸಗಳು ಬಾಗಿಲಲ್ಲೇ ಉಳಿದುಬಿಡುತ್ತವೆ.

ಉದಾಹರಣೆಗೆ, ಹೈಸ್ಕೂಲಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳ ಕೆಲಸವೊಂದನ್ನು ಹೇಳುತ್ತೇನೆ. ಕಿಟಕಿಯಿಂದ ಕಾಣುವ ಒಂದು ಮರ, ಅದರ ಹಿಂದಿನ ಬಿಳಿ ಗೋಡೆ. ಟ್ರೈಪಾಡ್ ಕದಲದಂತೆ ಬೆಳಗಿನ ನಸುಕಿನಿಂದ ಕತ್ತಲಾಗುವ ತನಕ ಆಗಾಗ ಅದೇ ನೋಟವನ್ನು ತೆಗೆಯುವುದು, ಪ್ರತಿ ಚಿತ್ರದಿಂದ ಒಂದೊಂದು ಉದ್ದುದ್ದ ಪಟ್ಟಿ ಆಯ್ದು ಎಡದಿಂದ ಬಲಕ್ಕೆ ಜೋಡಿಸುವುದು, ಒಂದೇ ಮರದಲ್ಲಿ ಇಡೀ ದಿನ ಕಾಣಬೇಕು ಎನ್ನುವುದು ಅವಳ ಯೋಚನೆ. ಕೇಳಲು ಸುಲಭ. ಆದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಹೊಂದಿಸುವ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ತಾನೇತಾನಾಗಿ ಬದಲಾಗದಂತೆ ಕಟ್ಟಿಹಾಕದಿದ್ದರೆ ಸಂಜೆಯ ಕೆಂಪನ್ನೂ ಮುಂಜಾನೆಯ ನೀಲಿಯನ್ನೂ ಅದು ‘ಸರಿಪಡಿಸಿ’ ಇಡೀ ದಿನವನ್ನು ಒಂದೇ ಬಣ್ಣಕ್ಕೆ ತಂದುಬಿಡುತ್ತದೆ. ಚಿತ್ರಗಳನ್ನು ರಾ ಫೈಲ್‌ನಲ್ಲಿಯೇ, ಅಂದರೆ ಸೆನ್ಸರ್ ಕಂಡ ಅಂಕಿಗಳನ್ನು ಹೆಚ್ಚೇನೂ ಸಂಸ್ಕರಿಸದೆ ಇಡುವ ಫೈಲ್‌ನಲ್ಲಿಯೇ, ತೆಗೆಯಬೇಕು. ಚಿತ್ರವನ್ನು ಕುಗ್ಗಿಸಿ ಉಳಿಸುವ ಸಾಮಾನ್ಯ ಜೆಪೆಗ್ ಫೈಲ್‌ನಲ್ಲಿ ಪ್ರತಿ ಬಣ್ಣಕ್ಕೆ ಕಪ್ಪಿನಿಂದ ತಿಳಿಯವರೆಗೆ 256 ಮೆಟ್ಟಿಲುಗಳಷ್ಟೇ ಸಿಗುತ್ತವೆ. ರಾತ್ರಿಯ ಪಟ್ಟಿಯನ್ನು ಸ್ವಲ್ಪ ತಿಳಿಯಾಗಿಸಿದರೂ ಆಕಾಶ ಪದರು ಪದರಾಗಿ ಒಡೆಯುತ್ತದೆ. 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಮೆಟ್ಟಿಲುಗಳಿರುವುದರಿಂದ ಎಳೆದಾಡಲು ಜಾಗ ಇರುತ್ತದೆ.

ಆಮೇಲೆ ಚಿತ್ರಗಳನ್ನು ಒಂದರ ಮೇಲೊಂದು ಲೇಯರ್ ಆಗಿ ಇಟ್ಟು ಕೂಡಿಸಬೇಕು. ಗಾಳಿಗೋ ಕೈತಾಗಿಯೋ ಟ್ರೈಪಾಡ್ ಕೂದಲೆಳೆಯಷ್ಟು ಸರಿದಿದ್ದರೂ ಗೋಡೆಯ ಅಂಚು ಪಟ್ಟಿಯಿಂದ ಪಟ್ಟಿಗೆ ತುಂಡಾಗುತ್ತದೆ. ಇದಕ್ಕೆ ಡಿಫರೆನ್ಸ್ ಎಂಬ ಮೋಡ್ ಇದೆ. ಮೇಲಿನ ಲೇಯರ್‌ನ ಅಂಕಿಯಿಂದ ಕೆಳಗಿನದನ್ನು ಕಳೆದು ಉಳಿದದ್ದನ್ನು ಮಾತ್ರ ಅದು ತೋರಿಸುತ್ತದೆ. ಎರಡೂ ಒಂದೇ ಆಗಿರುವ ಕಡೆ ಉಳಿಯುವುದು ಸೊನ್ನೆ, ಅಂದರೆ ಕಪ್ಪು. ಹೊಂದದಿರುವ ಕಡೆ ಗೋಡೆಯ ಅಂಚಿನುದ್ದಕ್ಕೂ ಬಿಳಿ ಗೆರೆ ಹೊಳೆಯುತ್ತದೆ. ಬಾಣದ ಕೀಲಿ ಒತ್ತುತ್ತ ಒಂದೊಂದೇ ಪಿಕ್ಸೆಲ್ ಸರಿಸಿದಂತೆ ಆ ಗೆರೆ ಸಣ್ಣಗಾಗುತ್ತ ಹೋಗಿ, ಒಂದು ಹಂತದಲ್ಲಿ ಗೋಡೆ ಪೂರ್ತಿ ಕತ್ತಲಲ್ಲಿ ಮುಳುಗುತ್ತದೆ. ಮರದ ಎಲೆಗಳು ಮತ್ತು ಜರುಗಿದ ನೆರಳು ಮಾತ್ರ ತೇಲುತ್ತ ಉಳಿಯುತ್ತವೆ. ಅವು ನಿಜಕ್ಕೂ ಬದಲಾಗಿದ್ದವು. ಆ ಕಪ್ಪು ಪರದೆಯನ್ನು ಕಂಡು ಮೊಮ್ಮಗಳು ‘ಅಜ್ಜಿ, ಇದನ್ನೂ ಬೇರೆ ಚಿತ್ರವಾಗಿ ಇಟ್ಟುಕೊಳ್ಳೋಣ’ ಎಂದಳು, ಇಟ್ಟುಕೊಂಡೆವು. ನನಗೆ ಈಗಲೂ ಮೊದಲನೆಯದಕ್ಕಿಂತ ಅದೇ ಹೆಚ್ಚು ಇಷ್ಟ.

ಇದರಲ್ಲಿ ಅವಳು ಕಲಿತದ್ದು ತಂತ್ರಾಂಶವನ್ನಷ್ಟೇ ಅಲ್ಲ. ಚಿತ್ರ ಬರೆಯುವಾಗ ನೆರಳಿಗೆ ಯಾವಾಗಲೂ ಕಪ್ಪು ಬಣ್ಣ ಹಚ್ಚುವ ಹುಡುಗಿ ಅವಳು. ಬಣ್ಣ ಅಳೆಯುವ ಸಲಕರಣೆಯನ್ನು ಬಿಳಿ ಗೋಡೆಯ ಬಿಸಿಲಿನ ಭಾಗಕ್ಕೆ ಇಟ್ಟಾಗ ಕೆಂಪಿನ ಅಂಕಿ ನೀಲಿಗಿಂತ ಮುಂದಿತ್ತು, ಪಕ್ಕದ ನೆರಳಿಗೆ ಇಟ್ಟಾಗ ನೀಲಿ ಮುಂದೆ ಬಂದಿತು. ನೇರ ಬಿಸಿಲು ತಲುಪದ ಜಾಗಕ್ಕೆ ಆಕಾಶದ ಬೆಳಕು ಮಾತ್ರ ತಲುಪುತ್ತದೆ, ಅದಕ್ಕೇ ನೆರಳು ನೀಲಿ ಎಂದು ನಾನು ವಿವರಿಸಿದೆ. ಅವಳು ಕಿಟಕಿಯ ಬಳಿ ಹೋಗಿ ಬಹಳ ಹೊತ್ತು ಗೋಡೆ ನೋಡುತ್ತ ನಿಂತಳು. ಇಂಥ ನೋಟ ಕಲಿಸುವ ಕೆಲಸವನ್ನು ‘ತಿದ್ದಿದ ಚಿತ್ರ’ ಎಂಬ ಒಂದೇ ಹಣೆಪಟ್ಟಿ ಹಚ್ಚಿ ತಳ್ಳಿಹಾಕುವುದು ನನಗೆ ಸಹಿಸಲಾಗುವುದಿಲ್ಲ. ನಿಮ್ಮ ಅಂಕಣಕ್ಕೆ ಕಳುಹಿಸಲು ಹೊರಟವಳು ಆ ಸಾಲನ್ನು ಓದಿ ಸುಮ್ಮನಾದಳು.

ಹಾಗಾದರೆ ಎಲ್ಲವೂ ನಡೆಯುತ್ತದೆಯೇ? ಇಲ್ಲ. ಹಳೆಯ ಫೋಟೊಗಳನ್ನು ಸರಿಪಡಿಸಿಕೊಡಿ ಎಂದು ಬಂಧುಗಳು ನನ್ನಲ್ಲಿಗೆ ತರುತ್ತಿರುತ್ತಾರೆ. ಮಡಿಕೆ ಬಿದ್ದು ಒಂದು ಕಣ್ಣು ಹಾಳಾಗಿದ್ದರೆ ಇನ್ನೊಂದು ಕಣ್ಣನ್ನು ತಿರುಗಿಸಿ ಅಂಟಿಸುವುದು ಎಲ್ಲರಿಗೂ ಹೊಳೆಯುವ ದಾರಿ. ಆದರೆ ಕಣ್ಣುಗಳೆರಡರಲ್ಲೂ ಬೆಳಕಿನ ಚುಕ್ಕೆ ಒಂದೇ ಬದಿಗೆ ಇರುತ್ತದೆ. ತಿರುಗಿಸಿ ಅಂಟಿಸಿದಾಗ ಅದು ಎದುರು ಬದಿಗೆ ಹೋಗಿ, ಏನು ತಪ್ಪೆಂದು ಹೇಳಲಾಗದಿದ್ದರೂ ಮುಖ ಅಪರಿಚಿತವಾಗುತ್ತದೆ. ಆ ಚುಕ್ಕೆಯನ್ನು ಅಳಿಸಿ ಸರಿಯಾದ ಜಾಗದಲ್ಲಿ ಮತ್ತೆ ಇಡಬೇಕು, ರೆಪ್ಪೆಯ ಇಳಿತವನ್ನು ಉಳಿದ ಅರ್ಧದಿಂದ ಅಂದಾಜು ಮಾಡಬೇಕು. ಇದಕ್ಕಿಂತ ಸುಲಭ ಈಗ ಎಐ, ಅಂದರೆ ಕೃತಕ ಬುದ್ಧಿಮತ್ತೆ. ಗುಂಪು ಚಿತ್ರದ ಮೂಲೆಯಲ್ಲಿದ್ದ ಚಿಕ್ಕಮ್ಮನೊಬ್ಬರ ಬೆರಳುಗುರಿನಷ್ಟು ಮುಖವನ್ನು ಯಾರೋ ಅದರಲ್ಲಿ ಹಿಗ್ಗಿಸಿ ತಂದು ತೋರಿಸಿದರು. ಒಂದೊಂದು ರೆಪ್ಪೆಕೂದಲೂ ಎಣಿಸುವಷ್ಟು ಸ್ಪಷ್ಟ, ಸಾಲು ಹಲ್ಲು. ಅವರನ್ನು ಕಂಡಿದ್ದವರು ಒಬ್ಬರೂ ಗುರುತಿಸಲಿಲ್ಲ. ಮೂಲದಲ್ಲಿ ಇಲ್ಲದ ವಿವರವನ್ನು ಆ ಯಂತ್ರ ಬೇರೆ ಸಾವಿರಾರು ಮುಖಗಳಿಂದ ಕಲಿತದ್ದರಿಂದ ತುಂಬುತ್ತದೆ. ನಾನು ಧೂಳು, ಗೀರು ತೆಗೆದು, ಬೆಳಕು ಸರಿದೂಗಿಸಿ, ಮಸುಕನ್ನು ಮಸುಕಾಗಿಯೇ ಬಿಟ್ಟು ಕೊಟ್ಟೆ. ಆ ಮಸುಕಿನಲ್ಲಿ ಅವರು ಇದ್ದಾರೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಚಿತ್ರದ ಜೊತೆಗೆ ಏನು ಮಾಡಿದೆ ಎಂಬ ಒಂದು ಸಾಲನ್ನು ಕಳುಹಿಸುವವರಿಂದ ಕೇಳಿ, ಅದನ್ನು ಹೆಸರಿನ ಪಕ್ಕದಲ್ಲಿ ಅಚ್ಚು ಹಾಕಿ. ‘ಬೆಳಕು, ಚೌಕಟ್ಟು ಮಾತ್ರ ಬದಲಿಸಿದ್ದು’, ‘ಒಂದೇ ಜಾಗದ ಹಲವು ಹೊತ್ತಿನ ಚಿತ್ರಗಳನ್ನು ಜೋಡಿಸಿದ್ದು’, ‘ಆಕಾಶ ಬೇರೆ ಚಿತ್ರದ್ದು’, ‘ಹಿನ್ನೆಲೆ ಎಐ ರಚಿಸಿದ್ದು’ ಎನ್ನುವಂತೆ. ಪೂರ್ತಿ ಎಐ ರಚಿಸಿದ ಚಿತ್ರ ಛಾಯಾಚಿತ್ರವಲ್ಲ, ಅದನ್ನು ಈ ಅಂಕಣಕ್ಕೆ ತೆಗೆದುಕೊಳ್ಳದಿರುವುದೇ ಸರಿ. ಮೂಲ ಫೈಲನ್ನೂ ಲೇಯರ್‌ಗಳಿರುವ ಫೈಲನ್ನೂ ಇಟ್ಟುಕೊಂಡಿರಬೇಕು, ಕೇಳಿದರೆ ಕೊಡಬೇಕು ಎಂಬ ಷರತ್ತು ಹಾಕಿ. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯವರೂ ಕೊನೆಯ ಸುತ್ತುಗಳಿಗೆ ಬಂದ ಚಿತ್ರಗಳ ಮೂಲ ಫೈಲ್ ತರಿಸಿ ಪರಿಶೀಲಿಸುತ್ತಾರೆ. ಲೇಯರ್ ಫೈಲ್ ತೆರೆದರೆ ಯಾವುದು ಎಲ್ಲಿಂದ ಬಂತು, ಲೇಯರ್‌ನ ಭಾಗಗಳನ್ನು ಮರೆಮಾಡುವ ಯಾವ ಮಾಸ್ಕ್ ಏನನ್ನು ಮುಚ್ಚಿದೆ ಎಂಬುದು ಒಂದೊಂದಾಗಿ ಕಾಣುತ್ತದೆ. ಮಕ್ಕಳಿಗೂ ಇದರಿಂದ ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡುವ ಅಭ್ಯಾಸ ಬರುತ್ತದೆ. ಜೆಪೆಗ್ ಫೈಲನ್ನು ತಿದ್ದಿ ಉಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ವಿವರ ಕಳೆದುಹೋಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂಬುದನ್ನು ಅವರಿಗೆ ಯಾರಾದರೂ ಹೇಳಲೇಬೇಕು.

ಇನ್ನೊಂದು ಮಾತು. ಓದುಗರ ಪ್ರತಿ ಚಿತ್ರವೂ ನಿಮ್ಮ ಕಚೇರಿಯಲ್ಲೇ ಒಮ್ಮೆ ತಿದ್ದುಪಡಿಯಾಗುತ್ತದೆ, ಅದು ಅನಿವಾರ್ಯ. ಪರದೆಯ ಕೆಂಪು, ಹಸಿರು, ನೀಲಿಯನ್ನು ಅಚ್ಚಿನ ನಾಲ್ಕು ಶಾಯಿಗಳಿಗೆ ಬದಲಿಸಬೇಕು. ಪತ್ರಿಕೆಯ ಕಾಗದ ಶಾಯಿ ಹೀರಿ ಚುಕ್ಕೆಗಳು ಹಿಗ್ಗುವುದರಿಂದ ನಡುಬಣ್ಣಗಳು ಕಪ್ಪಾಗುತ್ತವೆ, ಅದಕ್ಕಾಗಿ ಮೊದಲೇ ತಿಳಿಯಾಗಿಸಬೇಕು. ನೆರಳಿನ ವಿವರವಿದ್ದ ಎಷ್ಟೋ ಒಳ್ಳೆಯ ಚಿತ್ರಗಳು ನಿಮ್ಮ ಪುಟದಲ್ಲಿ ಮಸಿಯಾಗಿ ಬರುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತದೆ. ಹೊಸ ನಿಯಮದ ಜೊತೆಗೆ ಚಿತ್ರ ಎಷ್ಟು ಪಿಕ್ಸೆಲ್ ಅಗಲ ಇರಬೇಕು, ನೆರಳನ್ನು ಎಷ್ಟು ತಿಳಿಯಾಗಿಸಿ ಕಳುಹಿಸಬೇಕು ಎಂಬುದನ್ನು ನಿಮ್ಮ ಅಚ್ಚಿನ ವಿಭಾಗದವರಿಂದ ಕೇಳಿ ನಾಲ್ಕು ಸಾಲಿನಲ್ಲಿ ಪ್ರಕಟಿಸಿ.

ಇತಿ,
ಫಿಲ್ಮ್ ಕಾಲದ ಟಚಿಂಗ್ ಕೆಲಸಗಾರ್ತಿ, ನಿಮ್ಮ ಪತ್ರಿಕೆಯ ಓದುಗರಲ್ಲೊಬ್ಬಳು