ಗೆಳೆಯನಿಗೊಂದು ಪತ್ರ: ಪೀಮ್ ಎಂಬ ತೂಕದ ಕಲ್ಲು

ಪ್ರಿಯ ಗೆಳೆಯ,

ಬೈಬಲ್ಲಿನ ಒಂದನೆಯ ಸಮುವೇಲ ಗ್ರಂಥದ 13ನೆಯ ಅಧ್ಯಾಯದ 21ನೆಯ ವಚನದಲ್ಲಿ, 1611ರ ಇಂಗ್ಲಿಷ್ ಅನುವಾದವು ಲೋಹವನ್ನು ಉಜ್ಜುವ ‘ಅರ’ ಎಂಬ ಉಪಕರಣವನ್ನು ಹೇಳುತ್ತಿರುವಾಗ ಈಚಿನ ಅನುವಾದಗಳು ಅದೇ ಜಾಗದಲ್ಲಿ ಬೆಳ್ಳಿಯ ತೂಕವೊಂದನ್ನು ಹೇಳುವುದೇಕೆ ಎಂದು ನೀನು ಕೇಳಿದ್ದೆ. ಮೂಲದಲ್ಲಿರುವ ಹೀಬ್ರೂ ಪದ ‘ಪೀಮ್’. ಇಡೀ ಹೀಬ್ರೂ ಬೈಬಲ್ಲಿನಲ್ಲಿ ಅದು ಬರುವುದು ಅಲ್ಲಿ ಮಾತ್ರ.

ಒಮ್ಮೆ ಮಾತ್ರ ಬರುವ ಪದಕ್ಕೆ ಅಕ್ಕಪಕ್ಕದ ಬಳಕೆಯಿಂದ ಅರ್ಥ ಹುಡುಕುವ ದಾರಿಯಿಲ್ಲ. ಬೆಳ್ಳಿ ತೂಗುವ ಮೂಲ ಅಳತೆ ಶೆಕೆಲ್. ‘ಗೇರಾ’ ಎಂದರೆ ಶೆಕೆಲ್‌ನ ಇಪ್ಪತ್ತನೆಯ ಒಂದು ಪಾಲು, ‘ಬೆಕಾ’ ಎಂದರೆ ಅರ್ಧ ಶೆಕೆಲ್ ಎಂದು ವಿಮೋಚನಕಾಂಡವೇ ವಿವರಿಸುತ್ತದೆ. ಆದಿಕಾಂಡದಲ್ಲಿ ರೆಬೆಕ್ಕ ಎಂಬ ಕನ್ಯೆಗೆ ಕೊಟ್ಟ ಚಿನ್ನದ ಮೂಗುತಿಯ ತೂಕವೂ ಒಂದು ಬೆಕಾ ಆಗಿತ್ತು. ಪೀಮ್‌ಗೆ ಅಂಥ ವಿವರಣೆ ಎಲ್ಲಿಯೂ ಇಲ್ಲ. ಆದ್ದರಿಂದ ಪ್ರಾಚೀನ ಗ್ರೀಕ್ ಅನುವಾದಕರು ಇದೊಂದು ಬೆಲೆಯೆಂದು ಗ್ರಹಿಸಿದರೂ ‘ಮೂರು ಶೆಕೆಲ್’ ಎಂದು ಬರೆದರು. ಲ್ಯಾಟಿನ್ ಅನುವಾದದಲ್ಲಿ ಅದು ಉಪಕರಣಗಳ ಬಾಯಿ ಮೊಂಡಾದ ಸಂಗತಿಯಾಯಿತು. ‘ಬಾಯಿ’ ಎಂಬ ಹೀಬ್ರೂ ಪದದ ಬಹುವಚನವೆಂದು ಅದನ್ನು ಓದಿದವರು, ಅನೇಕ ಬಾಯಿಗಳುಳ್ಳ ಸಾಧನವೆಂದರೆ ಅರವೇ ಇರಬೇಕೆಂದು ಊಹಿಸಿದರು. ಆ ಊಹೆ ಅವಿವೇಕದ್ದಲ್ಲ, ಅವರ ಕೈಯಲ್ಲಿ ಬೇರೆ ಸಾಕ್ಷ್ಯವಿರಲಿಲ್ಲ.

ಸಾಕ್ಷ್ಯ ದೊರೆತದ್ದು ಮಣ್ಣಿನಲ್ಲಿ. 20ನೆಯ ಶತಮಾನದ ಆರಂಭದಿಂದ ಗೆಜೆರ್, ಲಾಕೀಷ್, ಜೆರುಸಲೇಮ್ ಮೊದಲಾದ ಕಡೆಗಳಲ್ಲಿ, ತಳ ಚಪ್ಪಟೆಯಾಗಿ ಮೇಲ್ಭಾಗ ಗುಮ್ಮಟದಂತೆ ದುಂಡಗಿರುವ ಸಣ್ಣ ಸುಣ್ಣಕಲ್ಲಿನ ತೂಕಗಳು ಸಿಗತೊಡಗಿದವು. ಅವುಗಳಲ್ಲಿ ಕೆಲವುಗಳ ನೆತ್ತಿಯ ಮೇಲೆ ಪ್ರಾಚೀನ ಹೀಬ್ರೂ ಲಿಪಿಯಲ್ಲಿ ಮೂರೇ ಅಕ್ಷರಗಳಿದ್ದವು: ಪ, ಯ, ಮ. ನಾಣ್ಯತಜ್ಞರಾದ ಸ್ಯಾಮ್ಯುಯೆಲ್ ರಫಾಯೇಲಿಯವರು ಆ ಮೂರು ಅಕ್ಷರಗಳನ್ನೂ ಸಮುವೇಲ ಗ್ರಂಥದ ಒಗಟಿನ ಪದವನ್ನೂ ಜೋಡಿಸಿ ಓದಿದಾಗ ವಚನದ ಅರ್ಥ ತಿಳಿಯಾಯಿತು. ಈ ಕಲ್ಲುಗಳ ತೂಕ ಸರಾಸರಿ ಸುಮಾರು 7.8 ಗ್ರಾಂ, ಯೆಹೂದ ರಾಜ್ಯದ ಶೆಕೆಲ್ ಸುಮಾರು 11.3 ಗ್ರಾಂ ಇದ್ದುದರಿಂದ ಪೀಮ್ ಅದರ ಮೂರರಲ್ಲಿ ಎರಡು ಪಾಲಿಗೆ ಹತ್ತಿರವಾಗುತ್ತದೆ. ಉತ್ತರ ಸಿರಿಯಾದ ಕಡೆ ಶೆಕೆಲ್‌ನ ತೂಕವೇ ಹೆಚ್ಚುಕಡಿಮೆ ಇಷ್ಟಿತ್ತು ಎಂಬುದನ್ನು ಗಮನಿಸಿದರೆ, ಗಡಿಯಾಚೆಯ ವ್ಯಾಪಾರಕ್ಕೆ ಅನುಕೂಲವಾದ ಅಳತೆ ಇದಾಗಿತ್ತೆಂದು ಎಣಿಸಬಹುದು. ನಾಣ್ಯಗಳಿನ್ನೂ ಬಳಕೆಗೆ ಬಾರದ ಆ ಕಾಲದಲ್ಲಿ ಬೆಳ್ಳಿಯ ತುಂಡುಗಳನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಇಂಥ ಕಲ್ಲನ್ನಿಟ್ಟು ಹಣ ಪಾವತಿ ಮಾಡುತ್ತಿದ್ದರು.

ಈಗ ವಚನವನ್ನು ಓದು. ಇಬ್ರಿಯರು, ಅಂದರೆ ಇಸ್ರಾಯೇಲರು, ಕತ್ತಿ, ಈಟಿಗಳನ್ನು ಮಾಡಿಕೊಳ್ಳಬಾರದೆಂದು ಕರಾವಳಿ ಬಯಲಿನ ಅವರ ವೈರಿಗಳಾದ ಫಿಲಿಷ್ಟಿಯರು ಇಸ್ರಾಯೇಲಿನಲ್ಲಿ ಒಬ್ಬ ಕಮ್ಮಾರನೂ ಇಲ್ಲದಂತೆ ನೋಡಿಕೊಂಡಿದ್ದರು. ಹೀಗಾಗಿ ಬೆಟ್ಟದ ನಾಡಿನ ರೈತರು ನೇಗಿಲ ಕುಳ, ಗುದ್ದಲಿ, ಕೊಡಲಿಗಳನ್ನು ಹರಿತ ಮಾಡಿಸಲು ಬಯಲಿಗಿಳಿದು ವೈರಿಗಳ ಕುಲುಮೆಗೇ ಹೋಗಬೇಕಾಗಿತ್ತು. ಕುಳಕ್ಕೂ ಗುದ್ದಲಿಗೂ ಒಂದು ಪೀಮ್ ಬೆಳ್ಳಿ. ಕೊಡಲಿಯನ್ನು ಹರಿತ ಮಾಡಲು, ಮುಳ್ಳುಗೋಲಿನ ಮೊನೆ ಕೂರಿಸಲು ಶೆಕೆಲ್‌ನ ಮೂರನೆಯ ಒಂದು ಪಾಲು. ‘ಅರ’ ಎಂದು ಓದಿದಾಗ ಕಾಣದೆ ಹೋಗಿದ್ದ ಸುಲಿಗೆ ಇಲ್ಲಿ ಕಣ್ಣಿಗೆ ರಾಚುತ್ತದೆ. ನ್ಯಾಯಸ್ಥಾಪಕರು ಗ್ರಂಥದಲ್ಲಿ ಮೀಕನು ತನ್ನ ಮನೆಯ ಪೂಜಾರಿಗೆ ಊಟ, ಬಟ್ಟೆಗಳ ಜೊತೆಗೆ ವರ್ಷಕ್ಕೆ ಹತ್ತು ಶೆಕೆಲ್ ಬೆಳ್ಳಿ ಕೊಡಲು ಒಪ್ಪುತ್ತಾನೆ. ಆ ಲೆಕ್ಕ ಹಿಡಿದರೆ ಒಂದು ಕುಳವನ್ನು ಒಮ್ಮೆ ತಟ್ಟಿಸುವ ಕೂಲಿ ಅವನ ವರ್ಷದ ಬೆಳ್ಳಿಯ ಹದಿನೈದನೆಯ ಒಂದು ಪಾಲಾಗುತ್ತದೆ. ನಮ್ಮ ಹಳ್ಳಿಗಳಲ್ಲಿ ಕಮ್ಮಾರನು ಆಯಗಾರನಾಗಿ ಊರಿನೊಳಗೇ ಇದ್ದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಧಾನ್ಯ ಪಡೆಯುತ್ತಿದ್ದುದನ್ನು ನೆನೆದರೆ, ಪ್ರತಿಯೊಂದು ಸಲವೂ ಪರರ ಊರಿಗೆ ಬೆಳ್ಳಿ ಹೊತ್ತು ನಡೆಯಬೇಕಾದವರ ಸ್ಥಿತಿ ಎಂಥದ್ದೆಂದು ಮನಸ್ಸಿಗೆ ತಟ್ಟುತ್ತದೆ.

ಆದರೆ ಒಂದು ಎಚ್ಚರ ಅಗತ್ಯ. ದೊರೆತ ಪೀಮ್ ಕಲ್ಲುಗಳು ಬಹುಮಟ್ಟಿಗೆ ಕ್ರಿ.ಪೂ. 8ನೆಯ ಶತಮಾನದ ಕೊನೆಯಿಂದ 6ನೆಯ ಶತಮಾನದ ಆರಂಭದವರೆಗಿನವು. ಈ ವಚನದ ಕಥೆ ನಡೆಯುವ, ಇಸ್ರಾಯೇಲಿನ ಮೊದಲ ಅರಸ ಸೌಲನ ಕಾಲವೆಂದು ಹೇಳಲಾಗುವುದು ಅದಕ್ಕೂ ಬಹಳ ಹಿಂದಿನ 11ನೆಯ ಶತಮಾನ. ಆದ್ದರಿಂದ ಸೌಲನ ಕಾಲದ ಕೂಲಿ ಇಷ್ಟೇ ಆಗಿತ್ತೆಂದು ಈ ಕಲ್ಲುಗಳು ಸಾಧಿಸಲಾರವು. ಅವು ಸಾಧಿಸುವುದು ಬೇರೊಂದನ್ನು, ಮತ್ತು ನನ್ನ ದೃಷ್ಟಿಯಲ್ಲಿ ಅದು ಕಡಿಮೆಯದೇನಲ್ಲ. ಕ್ರಿ.ಪೂ. 586ರಲ್ಲಿ ಯೆಹೂದದ ರಾಜಧಾನಿ ಜೆರುಸಲೇಮ್ ನಾಶವಾದ ಮೇಲೆ ಈ ತೂಕ ಬಳಕೆಯಿಂದ ಮರೆಯಾಯಿತು. ಗ್ರೀಕ್ ಅನುವಾದಕರ ಕಾಲಕ್ಕೆ ಅದರ ಅರ್ಥವೂ ಉಳಿದಿರಲಿಲ್ಲ. ಸಮುವೇಲನ ಕಥೆಗಳೆಲ್ಲ ಗ್ರೀಕ್ ಆಳ್ವಿಕೆಯ ದಿನಗಳಲ್ಲಿ ಹೊಸದಾಗಿ ಕಟ್ಟಿದವು ಎಂಬ ವಾದವನ್ನು ಎದುರಿಸುವಾಗ ಪುರಾತತ್ತ್ವಜ್ಞ ವಿಲಿಯಂ ಡೆವರ್ ಇದೇ ಪದವನ್ನು ಮುಂದಿಟ್ಟರು: ಶತಮಾನಗಳ ಹಿಂದೆ ಸತ್ತುಹೋದ ತೂಕದ ಹೆಸರನ್ನು ಯಾರು ತಾನೇ ಕಲ್ಪಿಸಿ ಬರೆಯಬಲ್ಲರು? ಇಡೀ ಗ್ರಂಥದ ಚರಿತ್ರೆಗೆ ಒಂದು ಪದವೇ ಆಧಾರವಾಗದಿದ್ದರೂ, ಈ ವಚನದ ಮಟ್ಟಿಗೆ ಅವರ ಮಾತು ನನಗೆ ಒಪ್ಪಿಗೆ. ಪೀಮ್ ಕಲ್ಲನ್ನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದ ಜನರ ನಡುವೆಯೇ ಇದು ಬರಹಕ್ಕೆ ಇಳಿದಿರಬೇಕು.

ಇನ್ನೊಮ್ಮೆ ಓದುವಾಗ 19ರಿಂದ 22ರವರೆಗಿನ ವಚನಗಳನ್ನು ಒಟ್ಟಿಗೇ ಓದು. ಯುದ್ಧದ ದಿನ ಸೌಲ ಮತ್ತು ಅವನ ಮಗ ಯೋನಾತಾನರ ಹೊರತು ಅವರ ಸೈನಿಕರಲ್ಲಿ ಯಾರ ಕೈಯಲ್ಲೂ ಕತ್ತಿಯಾಗಲಿ ಈಟಿಯಾಗಲಿ ಇರಲಿಲ್ಲವೆಂಬ ಮಾತು ಕೂಲಿಯ ಈ ಲೆಕ್ಕ ಮುಗಿದ ಕೂಡಲೇ ಬರುತ್ತದೆ.

ಇಂತಿ,
ನಿನ್ನ ಗೆಳೆಯ