ಇಳಕಲ್ ಸೀರಿ ಬಗ್ಗೆ ಬರದಾಗ ನೇಕಾರರ ವೆಬ್‌ಸೈಟಿಗೂ ಒಂದು ಲಿಂಕ್ ಕೊಡ್ರಿ

ಸಂಪಾದಕರಿಗೆ ನಮಸ್ಕಾರ ರೀ,

ಇಳಕಲ್ ಸೀರಿ, ಗುಳೇದಗುಡ್ಡ ಖಣದ ಬಗ್ಗೆ ನಿಮ್ಮ ಪತ್ರಿಕೆಯೊಳಗ ಆಗಾಗ ಚಲೋ ಲೇಖನ ಬರ್ತಾವು, ಅದಕ್ಕ ಖುಷಿ ಐತಿ. ಆದ್ರ ಅದೇ ಲೇಖನ ನಿಮ್ಮ ವೆಬ್‌ಸೈಟಿನ್ಯಾಗ ತಗದು ನೋಡಿದ್ರ ನೇಕಾರರ ಹೆಸರು ಇರ್ತೈತಿ, ಮಗ್ಗದ ಫೋಟೊ ಇರ್ತೈತಿ, ಅವರ ವೆಬ್‌ಸೈಟಿನ ಲಿಂಕ್ ಮಾತ್ರ ಇರಂಗಿಲ್ಲ. ನಾನು ಬಾಗಲಕೋಟಿಯೊಳಗ ಸಣ್ಣ ಅಂಗಡಿಯವರಿಗೆ, ನೇಕಾರರಿಗೆ ವೆಬ್‌ಸೈಟ್ ಮಾಡಿಕೊಡಾಂವ, ನಿಮ್ಮಂಥವರ ಒಂದು ಲಿಂಕ್ ಅವ್ರಿಗೆ ಎಷ್ಟು ದೊಡ್ಡದು ಅಂತ ಹೇಳಾಕ ಈ ಪತ್ರ ಬರೀಲಿಕತ್ತೀನಿ.

ಗೂಗಲ್ ಹುಟ್ಟಿದ್ದೇ ಲಿಂಕಿನ ಲೆಕ್ಕದ ಮ್ಯಾಲೆ, ಅಂದ್ರ ಏನರ ಹುಡುಕಿದಾಗ ಯಾವ ಪುಟ ಮೊದಲು ತೋರಸಬೇಕು ಅನ್ನೂದನ್ನ ಬ್ಯಾರೆ ಸೈಟಿನವರು ಅದಕ್ಕ ಕೊಟ್ಟ ಲಿಂಕ್ ನೋಡಿ ಅಳಿಯೂದು. ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಇಬ್ಬರೂ ಸ್ಟ್ಯಾನ್‌ಫರ್ಡ್‌ನ್ಯಾಗ ಓದೂಮುಂದ ಪೇಜ್‌ರ‍್ಯಾಂಕ್ ಅನ್ನೂ ಲೆಕ್ಕ ಕಟ್ಟಿದ್ರು, 1998ರಾಗ ಅದರ ಮ್ಯಾಲೇನ ಕಂಪನಿ ಶುರು ಮಾಡಿದ್ರು. ಅದರಾಗ ಬರೇ ಎಷ್ಟು ಲಿಂಕ್ ಬಂದಾವ ಅಂತ ಎಣಸಂಗಿಲ್ಲ, ಲಿಂಕ್ ಕೊಟ್ಟ ಪುಟಕ್ಕ ಎಷ್ಟು ತೂಕ ಐತಿ, ಅದು ಇನ್ನೆಷ್ಟು ಮಂದಿಗೆ ಲಿಂಕ್ ಹಂಚೈತಿ ಅನ್ನೂದನ್ನೂ ನೋಡ್ತಾರ. ನಾವು ಹೆಣ್ಣು ಕೊಡೂಮುಂದ ಊರಾಗ ವಿಚಾರ ಮಾಡ್ತೀವಲ್ರಿ, ನಾಕು ಮಂದಿ ನಂಬೂ ಹಿರಿಯರು ಹೇಳಿದ್ದಕ್ಕ ಒಂದು ಬೆಲೆ, ರೊಕ್ಕ ತಗೊಂಡು ಹೊಗಳಾಂವನ ಮಾತಿಗೆ ಇನ್ನೊಂದು ಬೆಲೆ, ಹಂಗ.

ಇದು ಗೊತ್ತಿಲ್ಲದ ಮಂದಿಗೆ ಈಗ ಫೋನ್ ಮಾಡಿ 'ಸಾವಿರಗಟ್ಟಲೆ ಬ್ಯಾಕ್‌ಲಿಂಕ್ (ಬ್ಯಾರೆ ಸೈಟಿನಿಂದ ನಿಮ್ಮ ಸೈಟಿಗೆ ಬರೂ ಲಿಂಕ್) ಕೊಡ್ತೀವಿ, ಗೂಗಲ್‌ನ ಮೊದಲ ಪುಟದಾಗ ಬರ್ತೀರಿ' ಅಂತ ಪ್ಯಾಕೇಜ್ ಮಾರೂದು ನಡದೈತಿ. ನನಗ ಗೊತ್ತಿರೂ ಸೀರಿ ಅಂಗಡಿಯವರೊಬ್ರು ಕೊಂಡಿದ್ರು, ನೋಡಿದ್ರ ಲಿಂಕೆಲ್ಲ ಜೂಜಿನ ಸೈಟು, ಯಾರೂ ಓದದ ಖಾಲಿ ಪುಟ, ಸೀರಿಗೂ ಅವಕ್ಕೂ ಏನೂ ಸಂಬಂಧಿಲ್ಲ. ಇಂಥದ್ದನ್ನ ಹಿಡಿಯಾಕ ಗೂಗಲ್ 2012ರ ಏಪ್ರಿಲ್‌ನ್ಯಾಗ ಪೆಂಗ್ವಿನ್ ಅನ್ನೂ ಅಪ್‌ಡೇಟ್ ತಂದು ಎಷ್ಟೋ ಸೈಟ್‌ಗಳನ್ನ ಕೆಳಗ ತಳ್ಳಿತ್ತು. 2016ರಿಂದ ಅಂಥ ಲಿಂಕನ್ನ ಹೆಚ್ಚಾಗಿ ಲೆಕ್ಕಕ್ಕ ಹಿಡಿಯೂದ ಬಿಟ್ಟೈತಿ, ಅಂದ್ರ ಕೊಟ್ಟ ರೊಕ್ಕ ನೀರಪಾಲು, ಮತ್ತ ಬೇಕಂತ ಮಾಡಿದ ಮೋಸ ಅಂತ ಅವರ ಮಂದಿ ಕಣ್ಣಿಗೆ ಬಿದ್ರ ಸೈಟನ್ನ ಹುಡುಕಾಟದಾಗ ಕೆಳಗ ತಳ್ಳೂ ಇಲ್ಲಾ ತಗದಹಾಕೂ ಶಿಕ್ಷೆನೂ ಬೀಳ್ತೈತಿ. ಮಗ್ಗದ ದುಡಿಮಿ ರೊಕ್ಕ ಹಿಂಗ ಹೋಗೂದು ನೋಡಿದ್ರ ಹೊಟ್ಟಿ ಉರೀತೈತಿ.

ಲಿಂಕ್ ಒಂದ ಸಾಕು ಅಂತ ನಾ ಹೇಳಂಗಿಲ್ಲ. ಸೈಟಿನ್ಯಾಗ ಸರಕು ಇರಬೇಕು, ಇಳಕಲ್ ಸೀರಿದ ಟೋಪ್ ತೆನಿ ವಿನ್ಯಾಸದ ಸೆರಗು ಹೆಂಗಿರ್ತೈತಿ, ಸೆರಗಿನ ಹಾಸು (ಉದ್ದನೂಲು) ಒಡಲಿನ ಹಾಸಿಗೆ ಕೊಂಡಿ ಹಾಕಿ ಹೆಂಗ ಕೂಡಸ್ತಾರ, ಕೈಮಗ್ಗದ್ದು ಯಾವುದು ಪವರ್‌ಲೂಮಿಂದು ಯಾವುದು ಅಂತ ನೇಕಾರರು ತಾವ ಬರದು ಫೋಟೊ ಹಾಕಬೇಕು, ಅದನ್ನ ನಾವು ಮಾಡ್ತೀವಿ. ಆದ್ರ ಅಷ್ಟು ಮಾಡಿದ್ರೂ ಇಳಕಲ್ ಸೀರಿ ಅಂತ ಹುಡುಕಿದ್ರ ಮೊದಲು ಕಾಣೂದು ದೊಡ್ಡ ದೊಡ್ಡ ಶಾಪಿಂಗ್ ಸೈಟ್, ನೇಯ್ದಾಂವ ಎಲ್ಲೋ ಹಿಂದ. ವರ್ಷಾನುಗಟ್ಟಲೆ ಮಂದಿ ನಂಬಿಕೊಂಡು ಬಂದ ಪತ್ರಿಕೆ, ಸೀರಿ ಬಗ್ಗೇನ ಬರದ ಲೇಖನದ ನಡುವ, ನೇಕಾರರ ಸಂಘದ ಹೆಸರಿನ ಮ್ಯಾಲೇನ ಲಿಂಕ್ ಕೊಟ್ರ ಅದು ಕೊಂಡ ಸಾವಿರ ಲಿಂಕಿಗಿಂತ ಹೆಚ್ಚು, ಮ್ಯಾಲೆ ಓದಿದವರು ಸೀದಾ ಅಲ್ಲೇ ಹೋಗಿ ಸೀರಿ ನೋಡ್ತಾರ. 'ಇಲ್ಲಿ ಕ್ಲಿಕ್ ಮಾಡಿ' ಅಂತ ಹಾಕೂದಕ್ಕಿಂತ ಹೆಸರಿಗೇ ಲಿಂಕ್ ಹಾಕೂದು ಚಲೋ, ಯಾಕಂದ್ರ ಆ ಅಕ್ಷರಗಳಿಂದ ಪುಟ ಏನರ ಬಗ್ಗೆ ಐತಿ ಅಂತ ಗೂಗಲ್‌ಗೂ ತಿಳೀತೈತಿ.

ಇನ್ನೊಂದು ಮಾತು, ಜಾಹೀರಾತು ಲೇಖನದಾಗಿನ ಲಿಂಕಿಗೆ ಸ್ಪಾನ್ಸರ್ಡ್ (ರೊಕ್ಕ ಕೊಟ್ಟು ಹಾಕಿಸಿದ್ದು) ಅಂತ ಪುಟದ ಕೋಡಿನ್ಯಾಗ ಗುರುತು ಹಾಕಸ್ರಿ, 2019ರಿಂದ ಅದಕ್ಕ ಬ್ಯಾರೆ ಗುರುತ ಐತಿ. ಆದ್ರ ಗೂಗಲ್ ಶಿಕ್ಷೆಗೆ ಹೆದರಿ ವರದಿಯೊಳಗಿನ ಖರೇ ಲಿಂಕಿಗೂ ನೋಫಾಲೋ (ಈ ಲಿಂಕನ್ನ ಲೆಕ್ಕಕ್ಕ ಹಿಡೀಬ್ಯಾಡ ಅಂತ ಗೂಗಲ್‌ಗೆ ಹೇಳೂ ಗುರುತು) ಹಚ್ಚಬ್ಯಾಡ್ರಿ.

ನಿಮ್ಮ ವರದಿಗಾರರು ಇನ್ನೊಮ್ಮೆ ಇಳಕಲ್‌ಗೋ ಗುಳೇದಗುಡ್ಡಕ್ಕೋ ಬಂದಾಗ ನೇಕಾರರ ಫೋನ್ ನಂಬರ್ ಜೋಡಿ ವೆಬ್‌ಸೈಟಿನ ವಿಳಾಸನೂ ಕೇಳಿ ಬರ್ಕೊಳ್ಳಾಕ ಹೇಳ್ರಿ.

ಇಂತಿ ನಿಮ್ಮ ಓದುಗ,
ಬಾಗಲಕೋಟೆ